ಜನೌಷಧಿ ಕೇಂದ್ರ: ಬೆಲೆಗೆ ಪೂರ್ತಿ ಅಂಕ, ಸ್ಟಾಕಿಗೆ ಅರ್ಧ

ಬಿಪಿ, ಶುಗರ್, ಕೊಲೆಸ್ಟ್ರಾಲ್ ಎಂದು ತಿಂಗಳು ತಿಂಗಳೂ ಮಾತ್ರೆ ತರುವ ಮನೆಯವರು, ಬ್ರ್ಯಾಂಡ್ ಹೆಸರಿಲ್ಲದ ಔಷಧಗಳನ್ನು ಕಡಿಮೆ ಬೆಲೆಗೆ ಮಾರುವ, ಕೇಂದ್ರ ಸರ್ಕಾರದ ಯೋಜನೆಯ ಜನೌಷಧಿ ಕೇಂದ್ರಕ್ಕೆ ಹೋಗಲೇಬೇಕು ಅನ್ನುವವಳು ನಾನು. ಮಧ್ಯರಾತ್ರಿ ಮಗುವಿಗೆ ಜ್ವರ ಏರಿದರೆ ಓಡುವ ಅಂಗಡಿ ಇದಲ್ಲ. ಆದರೆ ಯಾವ ಮಾತ್ರೆ, ಎಷ್ಟು ಪ್ರಮಾಣ ಅಂತ ಮೊದಲೇ ಗೊತ್ತಿದ್ದು, ವರ್ಷಗಟ್ಟಲೆ ನುಂಗಬೇಕಾದ ಔಷಧವಾದರೆ, ದುಡ್ಡು ಕೊಟ್ಟು ಕೊಳ್ಳುವವರಿಗೆ ಬೆಂಗಳೂರಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಂಡಿಲ್ಲ.

ನಮ್ಮ ಮನೆ ಹನುಮಂತನಗರದಲ್ಲಿ. ನಾನು ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಅತ್ತೆಗೆ ಶುಗರ್ ಮತ್ತು ಬಿಪಿ, ನಮ್ಮ ಯಜಮಾನರಿಗೆ ಬಿಪಿ ಮತ್ತು ಕೊಲೆಸ್ಟ್ರಾಲ್, ನನಗೆ ಥೈರಾಯ್ಡ್. ಹಾಲು, ಕರೆಂಟು, ಗ್ಯಾಸಿನ ಹಾಗೆ ಔಷಧಕ್ಕೂ ತಿಂಗಳ ಲೆಕ್ಕದ ಪುಸ್ತಕದಲ್ಲಿ ಒಂದು ಕಾಲಂ ಇದೆ. ಮಾಮೂಲಿ ಮೆಡಿಕಲ್ ಶಾಪಿನಲ್ಲಿ ಕೊಳ್ಳುತ್ತಿದ್ದಾಗ ಆ ಕಾಲಂನಲ್ಲಿ ಮೂರು ಸಾವಿರದ ಆಸುಪಾಸು ಬರೆಯುತ್ತಿದ್ದೆ. ಈಗ ಸಾವಿರದ ಸುತ್ತಮುತ್ತ ಬರುತ್ತದೆ. ಉಳಿದ ದುಡ್ಡಿನಲ್ಲಿ ಅತ್ತೆಯ ರಕ್ತ ಪರೀಕ್ಷೆ, ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ ಸೇರಿಸಿ, ತಪ್ಪದೆ ಆಗುತ್ತಿದೆ. ಮೊದಲು ಅದನ್ನು "ಮುಂದಿನ ತಿಂಗಳು ನೋಡೋಣಮ್ಮ" ಅಂತ ಅವರೇ ಮುಂದೂಡುತ್ತಿದ್ದರು.

ಬೆಲೆಯ ವ್ಯತ್ಯಾಸ ಎಷ್ಟು ಅನ್ನುವುದಕ್ಕೆ ಸಿಟಾಗ್ಲಿಪ್ಟಿನ್ ಒಂದನ್ನೇ ನೋಡಿ. ಶುಗರ್ ಇರುವವರ ಮನೆಯಲ್ಲಿ ಈ ಹೆಸರು ಕೇಳದವರು ಕಡಿಮೆ. ಇದರ ಪೇಟೆಂಟ್, ಅಂದರೆ ಒಂದೇ ಕಂಪನಿಗಿದ್ದ ಹಕ್ಕು, ನಮ್ಮ ದೇಶದಲ್ಲಿ 2022ರ ಜುಲೈನಲ್ಲಿ ಮುಗಿಯಿತು. ಸೆಪ್ಟೆಂಬರ್ ಹೊತ್ತಿಗೆ ಜನೌಷಧಿ ಕೇಂದ್ರಗಳಿಗೆ ಬಂತು. 50 ಮಿಲಿಗ್ರಾಂನ 10 ಮಾತ್ರೆಗೆ 60 ರೂಪಾಯಿ, 100 ಮಿಲಿಗ್ರಾಂನದ್ದಕ್ಕೆ 100 ರೂಪಾಯಿ, ಶುಗರಿನದೇ ಇನ್ನೊಂದು ಔಷಧ ಮೆಟ್‌ಫಾರ್ಮಿನ್ 500 ಸೇರಿದ ಜೋಡಿ ಮಾತ್ರೆಗೆ 65 ರೂಪಾಯಿ. ಆಗ ಬ್ರ್ಯಾಂಡ್ ಮಾತ್ರೆಗಳ ಬೆಲೆ 10ಕ್ಕೆ 162ರಿಂದ 258 ರೂಪಾಯಿವರೆಗೆ ಇತ್ತು. ಅತ್ತೆಗೆ ಜೋಡಿ ಮಾತ್ರೆ ಬೆಳಿಗ್ಗೆ ಒಂದು, ರಾತ್ರಿ ಒಂದು. ತಿಂಗಳಿಗೆ 6 ಸ್ಟ್ರಿಪ್. ಆಗಿನ 65ರಂತೆ 390 ರೂಪಾಯಿ. ಅದೇ 6 ಸ್ಟ್ರಿಪ್ ಬ್ರ್ಯಾಂಡಿನಲ್ಲಾದರೆ, ಆಗಿನ ತೀರಾ ಕಡಿಮೆಯ 162ರ ಲೆಕ್ಕ ಹಿಡಿದರೂ 972. ಒಬ್ಬರಿಗೆ, ಒಂದು ಮಾತ್ರೆಗೆ, ಒಂದು ತಿಂಗಳಿಗೆ ಇಷ್ಟು. ಪಿಂಚಣಿ ಇಲ್ಲದ ಹಿರಿಯರಿರುವ ಮನೆಯಲ್ಲಿ ಇದು ಮಾತ್ರೆಯನ್ನು ದಿನವೂ ನುಂಗುವುದಕ್ಕೂ ದಿನ ಬಿಟ್ಟು ದಿನ ನುಂಗುವುದಕ್ಕೂ ಇರುವ ವ್ಯತ್ಯಾಸ. ದಿನ ಬಿಟ್ಟು ದಿನ ನುಂಗಿ ಕಾಲಿನ ಹುಣ್ಣು ಮಾಯದೆ ಒದ್ದಾಡಿದವರನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ.

ಇಷ್ಟು ಕಡಿಮೆಗೆ ಹೇಗೆ ಕೊಡುತ್ತಾರೆ? ಅಕ್ಕಪಕ್ಕದವರು ಸಾಮಾನ್ಯವಾಗಿ ಹೇಳುವುದು, "ಸರ್ಕಾರ ಸಬ್ಸಿಡಿ ಕೊಡುತ್ತೆ ಬಿಡಿ" ಅಂತ. ಇದು ನ್ಯಾಯಬೆಲೆ ಅಂಗಡಿಯ ಅಕ್ಕಿಯ ಹಾಗಲ್ಲ. ಸ್ಟ್ರಿಪ್ಪಿನ ಮೇಲೆ ಬರೆದ ಬೆಲೆಯನ್ನು ಪೂರ್ತಿ ನಾವೇ ಕೊಡುತ್ತೇವೆ. ಯೋಜನೆ ನಡೆಸುವುದು ಕೇಂದ್ರದ ರಸಾಯನಿಕ ಮತ್ತು ರಸಗೊಬ್ಬರ ಸಚಿವಾಲಯದ ಔಷಧ ಇಲಾಖೆಯ ಕೆಳಗಿರುವ ಪಿಎಂಬಿಐ, ಅಂದರೆ ಫಾರ್ಮಾಸ್ಯುಟಿಕಲ್ಸ್ ಅಂಡ್ ಮೆಡಿಕಲ್ ಡಿವೈಸಸ್ ಬ್ಯೂರೋ ಆಫ್ ಇಂಡಿಯಾ. ಇದು ಸೊಸೈಟಿಯಾಗಿ ನೋಂದಣಿಯಾದ ಸಂಸ್ಥೆ. ದೇಶಕ್ಕೆಲ್ಲ ಸೇರಿಸಿ ಟೆಂಡರ್ ಕರೆದು, ಕಂಪನಿಗಳಿಂದ ಒಟ್ಟಿಗೆ ಕೊಂಡು, ತನ್ನ ಗೋದಾಮುಗಳಿಂದ ಅಂಗಡಿಗಳಿಗೆ ಕಳಿಸುತ್ತದೆ. ಬೆಲೆಗೆ ಒಂದು ಸೂತ್ರವಿದೆ: ಮಾರುಕಟ್ಟೆಯಲ್ಲಿ ಮುಂಚೂಣಿಯಲ್ಲಿರುವ ಮೂರು ಬ್ರ್ಯಾಂಡ್‌ಗಳ ಸರಾಸರಿ ಬೆಲೆಯ ಅರ್ಧವನ್ನು ದಾಟಬಾರದು. ಡಾಕ್ಟರ್ ಮನೆ ಬಾಗಿಲಿಗೆ ಅಲೆಯುವ ಮೆಡಿಕಲ್ ರೆಪ್ ಇಲ್ಲ, ಜಾಹೀರಾತಿನ ಭಾರ ಇಲ್ಲ, ನಡುವೆ ಕೈ ಬದಲಾಗುವುದೂ ಕಡಿಮೆ. ಸರ್ಕಾರದ ದುಡ್ಡು ಹೋಗುವುದು ವ್ಯವಸ್ಥೆ ನಡೆಸುವುದಕ್ಕೆ, ಅಂಗಡಿ ಇಟ್ಟವರಿಗೆ ಪ್ರೋತ್ಸಾಹಧನ ಕೊಡುವುದಕ್ಕೆ. ಒಂದು ಇಲಾಖೆ ಗಟ್ಟಿಯಾಗಿ ಚೌಕಾಸಿ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಯೋಜನೆ ಹೊಸದೇನಲ್ಲ. 2008ರ ನವೆಂಬರ್‌ನಲ್ಲಿ ಅಮೃತಸರದ ಸಿವಿಲ್ ಆಸ್ಪತ್ರೆಯಲ್ಲಿ ಮೊದಲ ಅಂಗಡಿ ತೆರೆಯಿತು. ಆಮೇಲೆ ಐದಾರು ವರ್ಷ ತೆವಳುತ್ತಲೇ ಇತ್ತು. 2014ರ ಹೊತ್ತಿಗೆ ದೇಶದಲ್ಲೆಲ್ಲ ನೂರು ಅಂಗಡಿಯೂ ನಡೆಯುತ್ತಿರಲಿಲ್ಲ. ಅದಕ್ಕೆ ಜೀವ ಬಂದದ್ದು ನಮ್ಮ ಬೆಂಗಳೂರು ದಕ್ಷಿಣದ ಸಂಸದರಾಗಿದ್ದ ಅನಂತಕುಮಾರ್ ಕೇಂದ್ರದಲ್ಲಿ ರಸಾಯನಿಕ ಮತ್ತು ರಸಗೊಬ್ಬರ ಖಾತೆಯ ಸಚಿವರಾಗಿದ್ದಾಗ. ಪಕ್ಷ ಯಾವುದೇ ಇರಲಿ, ಈ ಕೆಲಸಕ್ಕೆ ಅವರನ್ನು ನೆನೆಯಬೇಕು. ನಮ್ಮ ರಾಜ್ಯದಲ್ಲಿ ರಾಜ್ಯ ಸರ್ಕಾರದ ಸಂಸ್ಥೆ ಎಂಎಸ್‌ಐಎಲ್ ಕೂಡ ಕೇಂದ್ರಗಳನ್ನು ನಡೆಸಿತು. 2023ರ ನವೆಂಬರ್ 30ರಂದು ಜಾರ್ಖಂಡಿನ ದೇವಘರ್‌ನ ಏಮ್ಸ್ ಆಸ್ಪತ್ರೆಯಲ್ಲಿ ಹತ್ತು ಸಾವಿರದ ಅಂಗಡಿ ತೆರೆಯಿತು.

ಈಗ ಅಂಗಡಿಯ ವಿಷಯ. ನಾನು ಹೋಗುವುದು ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಒಂದು ಪುಟ್ಟ ಮಳಿಗೆಗೆ. ಒಂದು ಕೌಂಟರ್, ಹಿಂದೆ ಗೋಡೆಯುದ್ದಕ್ಕೂ ರ‍್ಯಾಕ್, ಒಂದು ಕಂಪ್ಯೂಟರ್. ಕೌಂಟರಿನಲ್ಲಿರುವ ಹುಡುಗಿ ಡಿ.ಫಾರ್ಮ್, ಅಂದರೆ ಫಾರ್ಮಸಿ ಡಿಪ್ಲೊಮಾ, ಓದಿದವಳು. ಚೀಟಿ ಕೈಗೆ ತೆಗೆದುಕೊಂಡವಳು ಮೊದಲು ಪೂರ್ತಿ ಓದುತ್ತಾಳೆ. ಆಮೇಲೆ ಒಂದೊಂದೇ ಸ್ಟ್ರಿಪ್ ತೆಗೆದು, ಚೀಟಿಯಲ್ಲಿರುವ ಹೆಸರಿನ ಪಕ್ಕ ಇಟ್ಟು, ಮಿಲಿಗ್ರಾಂ ಮೇಲೆ ಬೆರಳಿಟ್ಟು ತೋರಿಸುತ್ತಾಳೆ. "ಆಂಟಿ, ಅಂಕಲ್ ಬಿಪಿ ಮಾತ್ರೆ, ಟೆಲ್ಮಿಸಾರ್ಟನ್ 40, ನೋಡಿಕೊಳ್ಳಿ. ಇದು ಬರೀ ಟೆಲ್ಮಿಸಾರ್ಟನ್. ಎಚ್ ಅಂತ ಇನ್ನೊಂದು ಔಷಧ ಸೇರಿರೋದು ಬೇರೆ, ಅದು ಅಂಕಲ್‌ಗೆ ಬರೆದಿಲ್ಲ." ಎಕ್ಸ್‌ಪೈರಿ ತಾರೀಕು ಓದಿ ಹೇಳುತ್ತಾಳೆ. ಚೀಟಿ ಇಲ್ಲದೆ ಬಂದವರು ಎಷ್ಟು ಗದರಿದರೂ ಆಂಟಿಬಯಾಟಿಕ್ ಕೊಡುವುದಿಲ್ಲ. ದೊಡ್ಡ ದೊಡ್ಡ ಹವಾನಿಯಂತ್ರಿತ ಮಳಿಗೆಗಳಲ್ಲೂ ನನಗೆ ಇಷ್ಟು ಕಾಳಜಿ ಸಿಕ್ಕಿರಲಿಲ್ಲ. ಬಿಲ್ಲು ಕೇಳದೆಯೇ ಬರುತ್ತದೆ, ಫೋನಿನಲ್ಲೇ ದುಡ್ಡು ಹಾಕಬಹುದು. ಹೆಣ್ಣುಮಕ್ಕಳಿಗೆ ಸುವಿಧಾ ಪ್ಯಾಡ್ ಒಂದಕ್ಕೆ ಒಂದು ರೂಪಾಯಿ; ನಮ್ಮ ಮನೆಗೆಲಸಕ್ಕೆ ಬರುವ ಲಕ್ಷ್ಮಮ್ಮನ ಮಗಳಿಗೆ ಅದನ್ನು ತೋರಿಸಿಕೊಟ್ಟ ಮೇಲೆ ಅವಳ ಕಾಲೇಜಿನ ಗೆಳತಿಯರೂ ಅಲ್ಲಿಂದಲೇ ತರುತ್ತಿದ್ದಾರೆ.

ತೊಂದರೆ ಇರುವುದು ಸ್ಟಾಕಿನಲ್ಲಿ. ಇದನ್ನು ನನ್ನೊಬ್ಬಳ ದೂರು ಎಂದು ಹೇಳುತ್ತಿಲ್ಲ, ಈ ಅಂಗಡಿಗಳಲ್ಲಿ ಕೊಳ್ಳುವ ಯಾರನ್ನು ಕೇಳಿದರೂ ಇದೇ ಮಾತು. ಐದು ಮಾತ್ರೆ ಬರೆದಿದ್ದರೆ ನಾಲ್ಕು ಸಿಗುತ್ತದೆ, ಒಂದು "ಮುಂದಿನ ವಾರ ಬರುತ್ತೆ". ಬಿಪಿ ಮಾತ್ರೆಗೆ ಮುಂದಿನ ವಾರ ಅನ್ನುವುದಿಲ್ಲ. ಆ ಒಂದಕ್ಕೆ ಮತ್ತೆ ಮಾಮೂಲಿ ಮೆಡಿಕಲ್ಸ್‌ಗೆ ಹೋಗಬೇಕು. ವಯಸ್ಸಾದವರು ಎರಡು ಅಂಗಡಿ ಅಲೆಯುವ ಬದಲು ಎಲ್ಲವನ್ನೂ ಅಲ್ಲೇ ಕೊಂಡುಬಿಡುತ್ತಾರೆ. ಉಳಿತಾಯ ಅಲ್ಲಿಗೆ ಹೋಯಿತು.

ಇದರ ಕಾರಣ ನನಗೆ ಅರ್ಥವಾದದ್ದು ಲೆಕ್ಕ ಹಾಕಿದಾಗ. ಅಂಗಡಿ ಇಟ್ಟವರಿಗೆ ಸಿಗುವ ಮಾರ್ಜಿನ್ ತೆರಿಗೆ ಬಿಟ್ಟ ಬೆಲೆಯ ಮೇಲೆ ಶೇಕಡ 20. ಶೇಕಡಾವಾರು ನೋಡಿದರೆ ಚೆನ್ನಾಗಿಯೇ ಇದೆ. ಆದರೆ ಹತ್ತು ರೂಪಾಯಿಯ ಸ್ಟ್ರಿಪ್ ಮಾರಿದರೆ ಕೈಗೆ ಬರುವುದು ಎರಡು ರೂಪಾಯಿಯೂ ಅಲ್ಲ. ಇನ್ನೂರೈವತ್ತು ರೂಪಾಯಿಯ ಬ್ರ್ಯಾಂಡ್ ಸ್ಟ್ರಿಪ್ ಮಾರುವ ಪಕ್ಕದ ಅಂಗಡಿಯವರಿಗೆ ಶೇಕಡ 16 ಅಂದರೂ 40 ರೂಪಾಯಿ. ಬೆಂಗಳೂರಿನ ಬಾಡಿಗೆ, ಅಡ್ವಾನ್ಸು ಇಬ್ಬರಿಗೂ ಒಂದೇ. ಬೆಲೆ ಕಡಿಮೆಯಾದಷ್ಟೂ ಅಂಗಡಿಯವರ ಕೈಲಿ ಓಡಾಡುವ ದುಡ್ಡು ಕಡಿಮೆ, ಹಾಗಾಗಿ ಅವರು ನಿಧಾನಕ್ಕೆ ಹೋಗುವ ಮಾತ್ರೆಗಳ ಮೇಲೆ ಬಂಡವಾಳ ಹಾಕಲು ಹಿಂಜರಿಯುತ್ತಾರೆ. ಇದು ಇಲಾಖೆಗೂ ತಿಳಿದ ವಿಷಯವೇ. ತಿಂಗಳ ಖರೀದಿಯ ಮೇಲೆ ಪ್ರೋತ್ಸಾಹಧನ ಇಟ್ಟಿದ್ದಾರೆ, ಜಾಸ್ತಿ ಹೋಗುವ 200 ಔಷಧಗಳನ್ನು ಸದಾ ಇಟ್ಟುಕೊಂಡವರಿಗೆ ಆ ಹಣ ಸಿಗುವ ಹಾಗೆ ಮಾಡಿದ್ದಾರೆ. ಪಟ್ಟಿಯಲ್ಲಿ ಎರಡು ಸಾವಿರದ ಆಸುಪಾಸು ಔಷಧಗಳಿವೆ. ನನ್ನ ಅನುಭವದಲ್ಲಿ ಆ ಇನ್ನೂರು ಬಹುಮಟ್ಟಿಗೆ ಸಿಗುತ್ತವೆ. ಮಿಕ್ಕಿದ್ದು ಸಿಕ್ಕರೆ ಸಿಕ್ಕಿತು. ಅಂಗಡಿಗಳ ಸಂಖ್ಯೆಯನ್ನು ಹತ್ತು ಸಾವಿರ, ಹದಿನೈದು ಸಾವಿರ ಎಂದು ಹೆಚ್ಚಿಸುವುದಕ್ಕಿಂತ ಇರುವ ಅಂಗಡಿಯಲ್ಲಿ ಬರೆದುಕೊಟ್ಟದ್ದೆಲ್ಲ ಸಿಗುವ ಹಾಗೆ ಮಾಡುವುದು ಮುಖ್ಯ. ಇಡೀ ಯೋಜನೆಯನ್ನು ಅಳೆಯಬೇಕಾದ್ದು ಇದೊಂದರಿಂದಲೇ ಅಂತ ನನ್ನ ಖಚಿತ ಅಭಿಪ್ರಾಯ.

ನನ್ನ ತಂಗಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿದ್ದಾಳೆ. ಅವಳ ಅತ್ತೆ ಮಾವ ಅಲ್ಲೇ ನೆಲೆಸಿದವರು. ಅಲ್ಲಿ ಫಾರ್ಮ್ಯಾಕ್ ಎಂಬ ಸರ್ಕಾರಿ ಸಂಸ್ಥೆ 1993ರಿಂದ ಇದೆ. ವರ್ಷಕ್ಕೆ ಇಷ್ಟು ಎಂದು ಬಜೆಟ್ ಕೊಡುತ್ತಾರೆ. ಯಾವ ಔಷಧಕ್ಕೆ ಸರ್ಕಾರ ದುಡ್ಡು ಕೊಡಬೇಕು, ಯಾವ ಕಂಪನಿಯಿಂದ, ಎಷ್ಟಕ್ಕೆ ಎಂಬುದನ್ನೆಲ್ಲ ಅದೇ ತೀರ್ಮಾನಿಸುತ್ತದೆ. ಎಷ್ಟೋ ಔಷಧಗಳಿಗೆ ಟೆಂಡರ್ ಗೆದ್ದ ಒಂದೇ ಕಂಪನಿಯ ಮಾತ್ರೆ ದೇಶಕ್ಕೆಲ್ಲ. ಪಟ್ಟಿಯಲ್ಲಿರುವ ಔಷಧಕ್ಕೆ ಕೊಳ್ಳುವವರು ಕೊಡುವುದು ಅಲ್ಲಿನ 5 ಡಾಲರ್. 2023ರ ಜುಲೈನಲ್ಲಿ ಅದನ್ನೂ ತೆಗೆದಿದ್ದರು, 2024ರ ಜುಲೈನಲ್ಲಿ ಮತ್ತೆ ತಂದರು. 65 ದಾಟಿದವರಿಗೆ ಅದೂ ಇಲ್ಲ. ತಂಗಿಯ ಅತ್ತೆ ಮೂರು ತಿಂಗಳ ಬಿಪಿ ಮಾತ್ರೆ ಒಟ್ಟಿಗೆ ತಂದಿಟ್ಟುಕೊಳ್ಳುತ್ತಾರೆ. ಅಲ್ಲೂ ಎಲ್ಲ ಸುಸೂತ್ರ ಅಂತಲ್ಲ. ದುಬಾರಿ ಕ್ಯಾನ್ಸರ್ ಔಷಧಗಳು ಪಟ್ಟಿಗೆ ಸೇರಲು ವರ್ಷಗಟ್ಟಲೆ ಕಾಯಬೇಕು ಎಂದು ರೋಗಿಗಳು ಬೀದಿಗಿಳಿದರು. 2024ರಲ್ಲಿ ಅಲ್ಲಿನ ಸರ್ಕಾರ ನಾಲ್ಕು ವರ್ಷಕ್ಕೆ 60 ಕೋಟಿ ಡಾಲರ್‌ಗೂ ಹೆಚ್ಚು ಹಣ ಸೇರಿಸಬೇಕಾಯಿತು. ಆ ದೇಶದ ಜನಸಂಖ್ಯೆ ಬೆಂಗಳೂರಿನ ಅರ್ಧವೂ ಇಲ್ಲ, ಹಾಗಾಗಿ ಸರಿಸಮ ಹೋಲಿಕೆ ಸಾಧ್ಯವಿಲ್ಲ. ಆದರೂ ಒಂದು ವಿಷಯ ನನ್ನನ್ನು ಬಿಡುವುದಿಲ್ಲ: ಚೌಕಾಸಿ ಮಾಡುವ ಸಂಸ್ಥೆಯೇ ದುಡ್ಡೂ ಕೊಡುವುದರಿಂದ, ಔಷಧ ಅಂಗಡಿಯಲ್ಲಿ ಇಲ್ಲದಿದ್ದರೆ ಜನ ನೇರವಾಗಿ ಅದನ್ನೇ ಹಿಡಿದು ಕೇಳುತ್ತಾರೆ. ನಮ್ಮಲ್ಲಿ ಚೌಕಾಸಿ ಒಬ್ಬರದು, ಅಂಗಡಿ ಇನ್ನೊಬ್ಬರದು, ಜೇಬು ನಮ್ಮದು. ಮಾತ್ರೆ ಸಿಗದಿದ್ದರೆ ಯಾರನ್ನು ಕೇಳುವುದು?

ನಮ್ಮಲ್ಲಿ ಸರ್ಕಾರವೇ ಪೂರ್ತಿ ದುಡ್ಡು ಕೊಡುವ ಔಷಧವೂ ಇದೆ, ಅದು ಸರ್ಕಾರಿ ಆಸ್ಪತ್ರೆಯಲ್ಲಿ, "ನಮ್ಮ ಕ್ಲಿನಿಕ್" ಎಂಬ ಹೆಸರಿನ ಸರ್ಕಾರಿ ಕ್ಲಿನಿಕ್‌ಗಳಲ್ಲಿ. ಲಕ್ಷ್ಮಮ್ಮ ಬಿಪಿ ಮಾತ್ರೆ ತರುವುದು ನಮ್ಮ ಕ್ಲಿನಿಕ್‌ನಿಂದ, ಒಂದು ಪೈಸೆ ಕೊಡದೆ. ಅವಳಿಗೆ ಜನೌಷಧಿ ಬೇಕಾಗಿಲ್ಲ, ಬೇಕಾಗಲೂಬಾರದು. 2025ರ ಮೇನಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಆಸ್ಪತ್ರೆ ಆವರಣದಲ್ಲಿರುವ ಜನೌಷಧಿ ಕೇಂದ್ರಗಳನ್ನು ಮುಚ್ಚಲು ಆದೇಶ ಹೊರಡಿಸಿದಾಗ ಕೊಟ್ಟ ಕಾರಣವೂ ಇದೇ: ಒಳಗೆ ಉಚಿತವಾಗಿ ಕೊಡಬೇಕಾದ ಔಷಧವನ್ನು ರೋಗಿ ಗೇಟಿನ ಪಕ್ಕ ದುಡ್ಡು ಕೊಟ್ಟು ಕೊಳ್ಳುವ ಹಾಗಾಗಬಾರದು. ಮಾತು ಸರಿ. ಆದರೆ ಒಳಗಿನ ಕೌಂಟರಿನಲ್ಲಿ ಆ ಔಷಧ ಇರಬೇಕಲ್ಲ! ಇಲ್ಲದ ದಿನ ಗೇಟಿನ ಪಕ್ಕದ ಜನೌಷಧಿಯೂ ಇಲ್ಲವಾದರೆ ಕೂಲಿಯವನು ರಸ್ತೆಯಾಚೆಯ ಬ್ರ್ಯಾಂಡ್ ಅಂಗಡಿಗೇ ಹೋಗಬೇಕು. ಆದೇಶ ಹೈಕೋರ್ಟ್ ಮೆಟ್ಟಿಲೇರಿತು. ನನ್ನ ಕೇಳಿದರೆ, ಒಳಗಿನ ಸ್ಟಾಕ್ ತಪ್ಪದೆ ಇರುವುದು ಖಾತ್ರಿಯಾದ ಮೇಲೆ ಹೊರಗಿನದನ್ನು ಮುಚ್ಚುವ ಮಾತಾಡಲಿ. ತಮಿಳುನಾಡು 1994ರಲ್ಲೇ ಔಷಧ ಖರೀದಿಗೆಂದು ಪ್ರತ್ಯೇಕ ನಿಗಮ ಮಾಡಿ, ಆಸ್ಪತ್ರೆಗೊಂದು ಪಾಸ್‌ಬುಕ್ ಕೊಟ್ಟು, ಯಾರು ಎಷ್ಟು ತೆಗೆದುಕೊಂಡರು ಎಂಬ ಲೆಕ್ಕ ಇಟ್ಟಿತು. ಪಕ್ಕದ ಮನೆಯಲ್ಲೇ ಇರುವ ಮಾದರಿ.

ಕಡಿಮೆ ಬೆಲೆ ಅಂದರೆ ಕಳಪೆಯೇ? ಎಲ್ಲರೂ ಕೇಳುವ ಪ್ರಶ್ನೆ, ಕೇಳಬೇಕಾದ ಪ್ರಶ್ನೆಯೂ ಹೌದು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತಾಗ, ರಾಜ್ಯದ ಔಷಧ ಖರೀದಿ ನಿಗಮದ ಮೂಲಕ ಬಂದಿದ್ದ, ಡ್ರಿಪ್ಪಿನಲ್ಲಿ ಹಾಕುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂತು, ರಾಜ್ಯದ ಔಷಧ ನಿಯಂತ್ರಕರನ್ನೇ ಅಮಾನತು ಮಾಡಲಾಯಿತು. ಅದು ಜನೌಷಧಿಯಲ್ಲ, ಆದರೆ ಟೆಂಡರಿನಲ್ಲಿ ಕೊಳ್ಳುವ ಯಾವ ಸಂಸ್ಥೆಗೂ ಅದು ಎಚ್ಚರಿಕೆ. ಆ ಸುದ್ದಿ ಓದಿದ ವಾರ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಜನೌಷಧಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಜಿಎಂಪಿ, ಅಂದರೆ ಉತ್ತಮ ತಯಾರಿಕಾ ಪದ್ಧತಿಯ, ಪ್ರಮಾಣಪತ್ರ ಇರುವ ತಯಾರಕರಿಂದ ಮಾತ್ರ ಕೊಳ್ಳಬೇಕು, ಪ್ರತಿ ಬ್ಯಾಚನ್ನೂ ಎನ್‌ಎಬಿಎಲ್ ಮಾನ್ಯತೆಯ ಲ್ಯಾಬಿನಲ್ಲಿ ಪರೀಕ್ಷಿಸಿದ ಮೇಲೆಯೇ ಹೊರಗೆ ಬಿಡಬೇಕು ಅನ್ನುವ ನಿಯಮವಿದೆ. ಕೇಂದ್ರ ಸರ್ಕಾರದ ಔಷಧ ನಿಯಂತ್ರಣ ಸಂಸ್ಥೆ ಪ್ರತಿ ತಿಂಗಳು ಪರೀಕ್ಷೆಯಲ್ಲಿ ಸೋತ ಬ್ಯಾಚುಗಳ ಪಟ್ಟಿ ಹಾಕುತ್ತದೆ. ಅದರಲ್ಲಿ ದುಬಾರಿ ಬ್ರ್ಯಾಂಡುಗಳೂ ಬರುತ್ತವೆ. ಹಾಗಾಗಿ ಬೆಲೆ ಜಾಸ್ತಿ ಕೊಟ್ಟರೆ ನಿಶ್ಚಿಂತೆ ಅಂತ ನಾನು ನಂಬುವುದಿಲ್ಲ. ನಮ್ಮ ಮನೆಯಲ್ಲಿ ನೋಡಿದ್ದು ಇಷ್ಟು: ಮಾತ್ರೆ ಬದಲಿಸಿದ ಮೇಲೆ ಅತ್ತೆಯ ಶುಗರ್, ಬಿಪಿ ಎರಡೂ ಮೊದಲಿನ ಮಟ್ಟದಲ್ಲೇ ನಿಂತಿವೆ. ಬದಲಿಸಿದವರು ಮೊದಲ ಒಂದೆರಡು ತಿಂಗಳು ಬಿಪಿ, ಶುಗರ್ ನೋಡಿ ಬರೆದಿಟ್ಟುಕೊಂಡು ಡಾಕ್ಟರಿಗೆ ತೋರಿಸಬೇಕು. ಇನ್ನು ನನ್ನ ಥೈರಾಯ್ಡ್ ಮಾತ್ರೆ ಮಾತ್ರ ಹಳೆಯ ಅಂಗಡಿಯದೇ. ಥೈರಾಕ್ಸಿನ್ ವಿಷಯದಲ್ಲಿ ಒಂದೇ ತಯಾರಕರದ್ದನ್ನು ಹಿಡಿದುಕೊಳ್ಳಿ, ಬದಲಿಸಿದರೆ ಮತ್ತೆ ರಕ್ತ ಪರೀಕ್ಷೆ ಮಾಡಿಸಬೇಕು ಎಂದು ನಮ್ಮ ಡಾಕ್ಟರ್ ಹೇಳಿದ್ದಾರೆ. ಮೂರ್ಛೆ ರೋಗದ ಔಷಧಕ್ಕೂ ಇದೇ ಎಚ್ಚರ ಬೇಕು. ಕೇಳದೆ ಬದಲಿಸಬೇಡಿ.

ಚೀಟಿ ಬರೆಸುವುದೇ ದೊಡ್ಡ ಕೆಲಸ. ಬ್ರ್ಯಾಂಡ್ ಹೆಸರು ಬರೆದಿದ್ದರೆ ಅದರ ಬದಲಿಗೆ ಬೇರೊಂದನ್ನು ತಾನಾಗಿ ಕೊಡುವ ಅಧಿಕಾರ ಅಂಗಡಿಯವರಿಗೆ ಕಾನೂನಿನಲ್ಲಿಲ್ಲ. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಜನರಿಕ್ ಹೆಸರನ್ನೇ, ಅಂದರೆ ಸಾಲ್ಟ್ ಅಂತ ನಾವು ಹೇಳುವ ಔಷಧದ ಮೂಲ ಹೆಸರನ್ನೇ, ಬರೆಯಬೇಕೆಂದು ನಿಯಮ ತಂದು, ವೈದ್ಯರ ಸಂಘಗಳು ವಿರೋಧಿಸಿದಾಗ ಅದೇ ತಿಂಗಳಲ್ಲಿ ತಡೆಹಿಡಿಯಿತು. ನಾವು ತೋರಿಸುತ್ತಿದ್ದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಬರೆಯುವ ಮೂರು ಔಷಧ ಸೇರಿದ ಮಾತ್ರೆ ಅಲ್ಲಿನ ಅಂಗಡಿ ಬಿಟ್ಟರೆ ಬೇರೆಲ್ಲೂ ಸಿಗುತ್ತಿರಲಿಲ್ಲ. ಈಗ ತೋರಿಸುವ ಬಡಾವಣೆಯ ಡಾಕ್ಟರ್ ಹಿರಿಯರು. "ಸಾರ್, ಸಾಲ್ಟ್ ಹೆಸರು ಬರೆದುಕೊಡ್ತೀರಾ, ಜನೌಷಧಿಯಲ್ಲಿ ತಗೋತೀವಿ" ಅಂದರೆ, "ಬರೆಯೋಣಮ್ಮ, ಅದಕ್ಕೇನು" ಅಂತ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟರು. ಸಂಕೋಚ ಪಡದೆ ಕೇಳಿ. ಹೋಗುವ ಮುಂಚೆ ಅಂಗಡಿಗೆ ಫೋನ್ ಮಾಡಿ, ತೀರಿಹೋಗುವ ವಾರ ಮೊದಲೇ ಚೀಟಿಯ ಫೋಟೋ ಕಳಿಸಿ. ಜನೌಷಧಿ ಸುಗಮ್ ಆ್ಯಪ್‌ನಲ್ಲಿ ಹತ್ತಿರದ ಕೇಂದ್ರ ಯಾವುದು, ಯಾವ ಔಷಧಕ್ಕೆ ಎಷ್ಟು ಬೆಲೆ ಎಂದು ನೋಡಬಹುದು, ಆದರೆ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳುವುದೇ ವಾಸಿ.

ಕೊನೆಗೆ ಸ್ಟ್ರಿಪ್ ಬಗ್ಗೆ ಒಂದು ಮಾತು ಇಲಾಖೆಗೇ ಹೇಳಬೇಕು. ಟೆಂಡರ್ ಬದಲಾದಾಗ ತಯಾರಕರು ಬದಲಾಗುತ್ತಾರೆ, ಮಾತ್ರೆಯ ಬಣ್ಣ, ಆಕಾರ ಬದಲಾಗುತ್ತದೆ. ಹೋದ ಸಲ ಗುಂಡಗೆ ಬಿಳಿ ಇದ್ದದ್ದು ಈ ಸಲ ಉದ್ದಕ್ಕೆ ಗುಲಾಬಿ. ಸ್ಟ್ರಿಪ್ಪುಗಳು ನೋಡಲು ಹೆಚ್ಚುಕಡಿಮೆ ಒಂದೇ ಥರ, ಹೆಸರು ಇಂಗ್ಲಿಷು ಮತ್ತು ಹಿಂದಿಯಲ್ಲಿ. ನಮ್ಮತ್ತೆ ಕನ್ನಡ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುವವರು. ತಾವು ನುಂಗುವ ಮಾತ್ರೆಯ ಹೆಸರನ್ನು ಓದಲಾರರು. ನಾನು ಪ್ರತಿ ಸ್ಟ್ರಿಪ್ಪಿನ ಹಿಂದೆ ಮಾರ್ಕರಿನಲ್ಲಿ "ಶುಗರ್, ಬೆಳಿಗ್ಗೆ ರಾತ್ರಿ, ಊಟದ ಜೊತೆ" ಎಂದು ಬರೆದಿಡುತ್ತೇನೆ. ಬರೆಯುವವರು ಮನೆಯಲ್ಲಿಲ್ಲದ ಹಿರಿಯರು ಈ ಊರಿನಲ್ಲಿ ಲೆಕ್ಕವಿಲ್ಲದಷ್ಟು ಜನ. ಎರಡು ಸಾವಿರ ಔಷಧಗಳನ್ನು ಅರ್ಧ ಬೆಲೆಗೆ ತಂದುಕೊಡಬಲ್ಲ ಸಂಸ್ಥೆ, ಕರ್ನಾಟಕದ ಕೇಂದ್ರಗಳಲ್ಲಿ ಮಾರುವ ಬಿಪಿ, ಶುಗರ್ ಮಾತ್ರೆಗಳ ಜೊತೆಗಾದರೂ ಕನ್ನಡದಲ್ಲಿ ಹೆಸರು ಬರೆದ ಒಂದು ಅಂಟುಚೀಟಿ ಕೊಡಲಿ.